ಚಪ್ಪಟೆ ಫಲಕದ ಮೇಲಿನ ಪ್ರಕ್ಷುಬ್ಧ ಹರಿವು: ಓಪನ್‌ಫೋಮ್‌ನಲ್ಲಿ ಮೆಶ್‌ನಿಂದ ಪರಿಶೀಲನೆಯವರೆಗೆ

ಚಪ್ಪಟೆ ಫಲಕದ ಮೇಲೆ ಗಾಳಿ ಹರಿಯುವ ಲೆಕ್ಕ ನೋಡಲು ಬಲು ಸುಲಭ. ಆಕಾರವೆಂದರೆ ಒಂದು ಗೆರೆ, ಅಷ್ಟೇ. ಆದರೂ ಮೊದಲ ಸಲ ಓಡಿಸಿದಾಗ ಘರ್ಷಣೆ ಎಲ್ಲೋ ಹೋಗಿ ನಿಲ್ಲುತ್ತದೆ, ಬೈಗುಳ ಟರ್ಬುಲೆನ್ಸ್ (ಪ್ರಕ್ಷುಬ್ಧತೆ) ಮಾದರಿಯ ಪಾಲಿಗೆ ಬರುತ್ತದೆ. ಇದು ಅನ್ಯಾಯ. ಸ್ಪಾಲಾರ್ಟ್-ಆಲ್ಮರಾಸ್ (1992) ಇರಲಿ, ಮೆಂಟರ್ ರೂಪಿಸಿದ ಕೆ-ಒಮೇಗಾ ಎಸ್‌ಎಸ್‌ಟಿ (1994) ಇರಲಿ, ಅವುಗಳ ಸ್ಥಿರಾಂಕಗಳನ್ನು ಹೊಂದಿಸುವಾಗ ಮುಂದೆ ಇಟ್ಟುಕೊಂಡಿದ್ದ ಹರಿವುಗಳಲ್ಲಿ ಇದೇ ಮುಖ್ಯವಾದದ್ದು. ಆದ್ದರಿಂದ ಇಲ್ಲಿ ಉತ್ತರ ತಪ್ಪಿದರೆ ಮೊದಲು ಹುಡುಕಬೇಕಾದದ್ದು ಮೆಶ್‌ನಲ್ಲಿ (ಕ್ಷೇತ್ರವನ್ನು ಸಣ್ಣ ಸೆಲ್‌ಗಳಾಗಿ ಸೀಳಿದ ಜಾಲ), ಗಡಿ ಷರತ್ತುಗಳಲ್ಲಿ ಮತ್ತು ಕೊನೆಗೆ ಹಾಕುವ ಭಾಗಾಕಾರದಲ್ಲಿ. ಈ ಮಾರ್ಗದರ್ಶಿ ಆ ಕ್ರಮದಲ್ಲೇ ಸಾಗುತ್ತದೆ. ಓಪನ್‌ಫೋಮ್ ಎಂಬ ಹರಿವಿನ ಲೆಕ್ಕದ ತಂತ್ರಾಂಶದ ಪರಿಚಯವಿದೆ, ಕೇಸ್ ಫೋಲ್ಡರ್‌ನ ರಚನೆ ಗೊತ್ತಿದೆ ಎಂದು ಭಾವಿಸಿದ್ದೇವೆ. ಬೇರೆ ತಂತ್ರಾಂಶ ಬಳಸುವವರಿಗೂ ಅಂಕಿಗಳು ಇವೇ.

1. ಮೆಶ್ ಮುಟ್ಟುವ ಮೊದಲು ಕಾಗದದ ಲೆಕ್ಕ

ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್, ಚಲನ ಸ್ನಿಗ್ಧತೆ 1.5×10⁻⁵ ಚದರ ಮೀಟರ್ ಪ್ರತಿ ಸೆಕೆಂಡಿಗೆ, ಫಲಕದ ಉದ್ದ 1.5 ಮೀಟರ್ ಎಂದಿಟ್ಟುಕೊಳ್ಳಿ. ಫಲಕದ ಹಿಂದಿನ ತುದಿಯಲ್ಲಿ ರೆನಾಲ್ಡ್ಸ್ ಸಂಖ್ಯೆ (ವೇಗ × ಮುಂದಿನ ಅಂಚಿನಿಂದ ದೂರ ÷ ಸ್ನಿಗ್ಧತೆ) ಸರಿಯಾಗಿ 50 ಲಕ್ಷ. ಮಾಕ್ ಸಂಖ್ಯೆ (ವೇಗ ÷ ಶಬ್ದದ ವೇಗ) ಸುಮಾರು 0.15, ಹಾಗಾಗಿ ಸಾಂದ್ರತೆ ಬದಲಾಗದ ಹರಿವಿನ ಸಾಲ್ವರ್ ಸಾಕು.

ಈಗ ಮೂರು ಅಳತೆ ಬೇಕು.

ಗಡಿಪದರದ (ಗೋಡೆಯ ಬಳಿ ನಿಧಾನಗೊಂಡ ಗಾಳಿಯ ಪದರ) ದಪ್ಪ: 0.37 × ದೂರ ÷ ರೆನಾಲ್ಡ್ಸ್ ಸಂಖ್ಯೆಯ 0.2ನೇ ಘಾತ. ತುದಿಯಲ್ಲಿ ಇದು ಸುಮಾರು 25 ಮಿಲಿಮೀಟರ್.

ಘರ್ಷಣಾ ಗುಣಾಂಕ (ಗೋಡೆಯ ಘರ್ಷಣೆ ÷ (½ × ಸಾಂದ್ರತೆ × ವೇಗದ ವರ್ಗ)): 0.0592 ÷ ರೆನಾಲ್ಡ್ಸ್ ಸಂಖ್ಯೆಯ 0.2ನೇ ಘಾತ. ತುದಿಯಲ್ಲಿ 0.0027. ಇನ್ನೊಂದು ಪ್ರಸಿದ್ಧ ಸೂತ್ರ, ಅಂದರೆ 0.455ನ್ನು (0.06 × ರೆನಾಲ್ಡ್ಸ್ ಸಂಖ್ಯೆ) ಇದರ ಸಹಜ ಲಾಗರಿದಮ್‌ನ ವರ್ಗದಿಂದ ಭಾಗಿಸುವುದು, 0.00286 ಕೊಡುತ್ತದೆ. ಏಳನೇ ಮೂಲದ ಸೂತ್ರ 0.00298 ಎನ್ನುತ್ತದೆ. ಪಠ್ಯಪುಸ್ತಕದ ಸೂತ್ರಗಳ ನಡುವೆಯೇ ಶೇ 10ರಷ್ಟು ಅಂತರವಿದೆ ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ. ಯಾವುದೋ ಒಂದಕ್ಕೆ ನಿಮ್ಮ ಉತ್ತರ ತಾಳೆಯಾಯಿತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎಂದಾಗದು.

ಗೋಡೆಯ ಬಳಿಯ ಅಳತೆಗೋಲು: ಘರ್ಷಣಾ ಗುಣಾಂಕ 0.0028 ಎಂದುಕೊಂಡರೆ ಘರ್ಷಣಾ ವೇಗ = 50 × √0.0014, ಅಂದರೆ ಸೆಕೆಂಡಿಗೆ 1.87 ಮೀಟರ್. ಸ್ನಿಗ್ಧತೆಯನ್ನು ಇದರಿಂದ ಭಾಗಿಸಿದರೆ 8 ಮೈಕ್ರೋಮೀಟರ್. ವೈ-ಪ್ಲಸ್ (ಈ ಅಳತೆಗೋಲಿನಲ್ಲಿ ಗೋಡೆಯಿಂದಿರುವ ಎತ್ತರ) ಒಂದು ಎಂದರೆ ಇಲ್ಲಿ ಇಷ್ಟು ಎತ್ತರ. ಮುಂದಿನ ಅಂಚಿನ ಹತ್ತಿರ ಘರ್ಷಣೆ ಹೆಚ್ಚು, ಆದ್ದರಿಂದ ಈ ಅಳತೆ ಇನ್ನೂ ಕುಗ್ಗುತ್ತದೆ: ಅಂಚಿನಿಂದ 5 ಸೆಂಟಿಮೀಟರ್ ದೂರದಲ್ಲಿ ಅದು 5.8 ಮೈಕ್ರೋಮೀಟರ್. ಮೆಶ್ ಎಲ್ಲಿ ಕೈಕೊಡುತ್ತದೆ ಎಂದರೆ ಇಲ್ಲಿಯೇ, ಫಲಕದ ತುದಿಯಲ್ಲಲ್ಲ.

2. ಲೆಕ್ಕದ ಕ್ಷೇತ್ರ

ಫಲಕ ಸೊನ್ನೆಯಿಂದ 1.5 ಮೀಟರ್‌ವರೆಗೆ. ಅದರ ಮುಂದೆ 0.25 ಮೀಟರ್ ಖಾಲಿ ಜಾಗ ಬಿಡಿ, ಆ ಭಾಗದ ತಳಕ್ಕೆ ಸಿಮೆಟ್ರಿ ಷರತ್ತು ಕೊಡಿ. ಇನ್‌ಲೆಟ್ ಅನ್ನು ನೇರವಾಗಿ ಫಲಕದ ಅಂಚಿಗೆ ತಂದಿಡುವುದು ದೊಡ್ಡ ತಪ್ಪು. ಅಂಚಿನಲ್ಲಿ ಹರಿವು ಮೇಲಕ್ಕೆ ತಿರುಗಬೇಕು, ಆ ಒತ್ತಡ ಸ್ವಲ್ಪ ಹಿಂದಕ್ಕೂ ತಟ್ಟಬೇಕು. ಏಕರೂಪದ ವೇಗವನ್ನು ಅಲ್ಲಿಯೇ ಹೇರಿದರೆ ಅದಕ್ಕೆ ಜಾಗವೇ ಇರುವುದಿಲ್ಲ.

ಎತ್ತರ 0.5 ಮೀಟರ್. ಮೇಲಿನ ಗಡಿಗೆ ಜಾರುವ ಗೋಡೆ ಅಥವಾ ಸಿಮೆಟ್ರಿ ಕೊಡುವ ಅಭ್ಯಾಸ ಬಹಳ ಜನರಿಗಿದೆ. ಅದರ ಬೆಲೆ ಏನೆಂದು ನೋಡೋಣ. ಗಡಿಪದರ ಬೆಳೆದಂತೆ ಹೊರಗಿನ ಹರಿವನ್ನು ಮೇಲಕ್ಕೆ ತಳ್ಳುತ್ತದೆ. ತುದಿಯಲ್ಲಿ ಈ ಸ್ಥಳಾಂತರ ದಪ್ಪ 3 ಮಿಲಿಮೀಟರ್‌ಗಿಂತ ತುಸು ಹೆಚ್ಚು. ಮೇಲೆ ಮುಚ್ಚಳವಿದ್ದರೆ ಗಾಳಿಗೆ ಹೋಗಲು ಬೇರೆ ದಾರಿಯಿಲ್ಲ, ಹೊರಗಿನ ವೇಗ ಶೇ 0.6–0.7 ಹೆಚ್ಚುತ್ತದೆ. ಘರ್ಷಣೆ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಶೇ 1ಕ್ಕಿಂತ ಹೆಚ್ಚು ತಪ್ಪು ಉಚಿತವಾಗಿ ಸಿಕ್ಕಿತು. ಜೊತೆಗೆ ಒತ್ತಡ ಇಳಿಯುತ್ತ ಹೋಗುವ ಹರಿವಾಯಿತು, ನಾವು ಬಯಸಿದ್ದು ಸಮ ಒತ್ತಡದ್ದು. ಆದ್ದರಿಂದ ಮೇಲ್ಗಡೆಗೆ ಒತ್ತಡ ಸೊನ್ನೆ ಎಂದು ಕಟ್ಟಿ, ವೇಗಕ್ಕೆ ಇನ್‌ಲೆಟ್‌ಔಟ್‌ಲೆಟ್ ಷರತ್ತು ಕೊಡಿ: ಹೊರಹೋಗುವ ಹರಿವು ತಡೆಯಿಲ್ಲದೆ ಹೋಗಲಿ.

3. ಮೆಶ್

ಬ್ಲಾಕ್‌ಮೆಶ್‌ನಲ್ಲಿ ಎರಡು ಬ್ಲಾಕ್ ಸಾಕು, ಅಡ್ಡ ದಿಕ್ಕಿನಲ್ಲಿ ಒಂದೇ ಸೆಲ್, ಪಕ್ಕದ ಎರಡು ಮುಖಗಳಿಗೆ ಎಂಪ್ಟಿ. ಎಸ್‌ಎಸ್‌ಟಿ ಮಾದರಿಯನ್ನು ಗೋಡೆಯವರೆಗೂ ಬಿಡಿಸುವುದಾದರೆ (ಗೋಡೆಗೆ ಅಂಟಿದ ಅತಿ ತೆಳು ಪದರವನ್ನೂ ಸೆಲ್‌ಗಳಲ್ಲೇ ಲೆಕ್ಕ ಹಾಕುವುದಾದರೆ) ಮೊದಲ ಸೆಲ್‌ನ ಎತ್ತರ 6 ಮೈಕ್ರೋಮೀಟರ್ ಆಸುಪಾಸು ಇರಲಿ. ಸೆಲ್‌ನ ನಡುಬಿಂದು ಅದರ ಅರ್ಧಕ್ಕಿರುವುದರಿಂದ ವೈ-ಪ್ಲಸ್ ತುದಿಯಲ್ಲಿ 0.4ಕ್ಕೂ ಕೆಳಗೆ, ಮುಂಭಾಗದಲ್ಲಿ 0.5ರ ಹತ್ತಿರ ನಿಲ್ಲುತ್ತದೆ. ವೈ-ಪ್ಲಸ್ ಎಂದು ತಂತ್ರಾಂಶ ತೋರಿಸುವುದು ನಡುಬಿಂದುವಿನದ್ದೋ ಸೆಲ್‌ನ ಪೂರ್ಣ ಎತ್ತರದ್ದೋ ಎಂಬ ಗೊಂದಲ ಎರಡು ಪಟ್ಟಿನ ತಪ್ಪಿಗೆ ದಾರಿ. ಓಪನ್‌ಫೋಮ್‌ನದ್ದು ನಡುಬಿಂದು.

ಪದರದಿಂದ ಪದರಕ್ಕೆ 1.1 ಪಟ್ಟು ಬೆಳವಣಿಗೆ ಇಟ್ಟರೆ 0.5 ಮೀಟರ್ ಎತ್ತರಕ್ಕೆ 95 ಸೆಲ್ ಬೇಕು. ಅವುಗಳಲ್ಲಿ 60ಕ್ಕೂ ಹೆಚ್ಚು ತುದಿಯ ಗಡಿಪದರದ ಒಳಗೇ ಬೀಳುತ್ತವೆ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುವಂಥದ್ದು. ಬ್ಲಾಕ್‌ಮೆಶ್‌ನ ಸಿಂಪಲ್‌ಗ್ರೇಡಿಂಗ್ ಕೇಳುವುದು ಪದರದಿಂದ ಪದರಕ್ಕಿರುವ ಅನುಪಾತವನ್ನಲ್ಲ, ಕೊನೆಯ ಸೆಲ್ ಮೊದಲನೆಯದರ ಎಷ್ಟು ಪಟ್ಟು ಎಂಬುದನ್ನು. ಅಂದರೆ 1.1ರ 94ನೇ ಘಾತ, ಸುಮಾರು 7780. ಅಲ್ಲಿ 1.1 ಎಂದೇ ಬರೆದರೆ ಎಲ್ಲ ಸೆಲ್‌ಗಳೂ ಹೆಚ್ಚುಕಡಿಮೆ 5 ಮಿಲಿಮೀಟರ್ ಆಗಿ, ಮೊದಲ ಸೆಲ್‌ನ ವೈ-ಪ್ಲಸ್ 300 ದಾಟುತ್ತದೆ. ಮೆಶ್ ತಯಾರಾಗುತ್ತದೆ, ಲೆಕ್ಕವೂ ಓಡುತ್ತದೆ, ಎಲ್ಲಿಯೂ ದೋಷದ ಸಂದೇಶ ಬರುವುದಿಲ್ಲ. 7780 ಕೊಟ್ಟಾಗ ಮೊದಲ ಸೆಲ್ 5.8 ಮೈಕ್ರೋಮೀಟರ್.

ಹರಿವಿನ ದಿಕ್ಕಿನಲ್ಲಿ ಫಲಕದ ಮೇಲೆ 120 ಸೆಲ್, ಗ್ರೇಡಿಂಗ್ 50. ಮುಂದಿನ ಖಾಲಿ ಭಾಗದಲ್ಲಿ 40 ಸೆಲ್, ಗ್ರೇಡಿಂಗ್ 0.05. ಹೀಗೆ ಕೊಟ್ಟರೆ ಅಂಚಿನ ಎರಡೂ ಬದಿಯ ಸೆಲ್‌ಗಳು ಸುಮಾರು 1 ಮಿಲಿಮೀಟರ್ ಆಗಿ ಪರಸ್ಪರ ಹೊಂದುತ್ತವೆ. ಒಟ್ಟು 15,200 ಸೆಲ್.

ಚೆಕ್‌ಮೆಶ್ ಓಡಿಸಿದರೆ ಸೆಲ್‌ಗಳು ವಿಪರೀತ ಉದ್ದ ಎಂದು ದೂರು ಬರುತ್ತದೆ. ಹಿಂಭಾಗದ ಸೆಲ್‌ಗಳ ಉದ್ದ ಎತ್ತರದ 8,000 ಪಟ್ಟಿಗೂ ಹೆಚ್ಚು, ದೂರು ಸಹಜ. ಸೆಲ್‌ಗಳು ಹರಿವಿಗೆ ಸಮಾನಾಂತರವಾಗಿ ಮಲಗಿರುವುದರಿಂದ ಇಲ್ಲಿ ಇದನ್ನು ಪಕ್ಕಕ್ಕಿಡಬಹುದು. ಆದರೆ ಡಬಲ್ ಪ್ರಿಸಿಷನ್ ಕಡ್ಡಾಯ.

4. ಮೊದಲು ಲ್ಯಾಮಿನಾರ್ ಓಟ

ಈ ಹೆಜ್ಜೆಯನ್ನು ಹಾರಿಸುವವರೇ ಹೆಚ್ಚು. ಹಾರಿಸಬೇಡಿ. ಅದೇ ಮೆಶ್‌ನಲ್ಲಿ ವೇಗವನ್ನು ಸೆಕೆಂಡಿಗೆ 1 ಮೀಟರ್‌ಗೆ ಇಳಿಸಿ, ಟರ್ಬುಲೆನ್ಸ್ ಮಾದರಿಯನ್ನು ಲ್ಯಾಮಿನಾರ್ (ಸುಳಿಯಿಲ್ಲದ ನಯವಾದ ಹರಿವು) ಎಂದು ಬದಲಿಸಿ. ತುದಿಯಲ್ಲಿ ರೆನಾಲ್ಡ್ಸ್ ಸಂಖ್ಯೆ ಒಂದು ಲಕ್ಷ, ಗಡಿಪದರದ ದಪ್ಪ ಸುಮಾರು 24 ಮಿಲಿಮೀಟರ್. ವೇಗ 50 ಪಟ್ಟು ಬೇರೆಯಾದರೂ ದಪ್ಪ ಪ್ರಕ್ಷುಬ್ಧ ಹರಿವಿನಷ್ಟೇ ಬರುವುದರಿಂದ ಮೆಶ್ ಬದಲಿಸುವ ಅಗತ್ಯವೇ ಇಲ್ಲ.

ಬ್ಲಾಸಿಯಸ್ 1908ರಲ್ಲಿ ಕೊಟ್ಟ ಪರಿಹಾರದ ಪ್ರಕಾರ ಘರ್ಷಣಾ ಗುಣಾಂಕ 0.664 ÷ √ರೆನಾಲ್ಡ್ಸ್ ಸಂಖ್ಯೆ, ತುದಿಯಲ್ಲಿ 0.0021. ಅಂಚಿನ ಹತ್ತಿರದ ಕೆಲವು ಸೆಲ್ ಬಿಟ್ಟರೆ ನಿಮ್ಮ ರೇಖೆ ಇದರ ಮೇಲೆ ಶೇ 1ರ ಒಳಗೆ ಕೂರಬೇಕು. ಕೂರದಿದ್ದರೆ ತಪ್ಪು ಇರುವುದು ಗಡಿ ಷರತ್ತಿನಲ್ಲಿ, ಮೆಶ್‌ನಲ್ಲಿ ಅಥವಾ ಗುಣಾಂಕ ತೆಗೆಯುವ ವಿಧಾನದಲ್ಲಿ. ಟರ್ಬುಲೆನ್ಸ್ ಮಾದರಿ ಇನ್ನೂ ಆಟಕ್ಕೇ ಇಳಿದಿಲ್ಲ.

5. ಟರ್ಬುಲೆನ್ಸ್ ಮಾದರಿಯ ಷರತ್ತುಗಳು

ವೇಗವನ್ನು 50ಕ್ಕೆ ಏರಿಸಿ, ಕೆ-ಒಮೇಗಾ ಎಸ್‌ಎಸ್‌ಟಿ ಆರಿಸಿ.

ಇನ್‌ಲೆಟ್‌ನಲ್ಲಿ ಪ್ರಕ್ಷುಬ್ಧತೆಯ ತೀವ್ರತೆ ಶೇ 1 ಎಂದರೆ ಕೆ (ಪ್ರಕ್ಷುಬ್ಧತೆಯ ಚಲನ ಶಕ್ತಿ) = 1.5 × (0.5)² = 0.375. ಒಮೇಗಾ (ಆ ಶಕ್ತಿ ಕರಗುವ ದರದ ಅಳತೆ) ಎಷ್ಟು? ಪ್ರಕ್ಷುಬ್ಧ ಸ್ನಿಗ್ಧತೆ (ಸುಳಿಗಳಿಂದ ಬರುವ ಹೆಚ್ಚುವರಿ ಸ್ನಿಗ್ಧತೆ) ಮತ್ತು ಗಾಳಿಯ ಸ್ನಿಗ್ಧತೆಯ ಅನುಪಾತವನ್ನು ಆರಿಸಿ, ಕೆಯನ್ನು ಆ ಪ್ರಕ್ಷುಬ್ಧ ಸ್ನಿಗ್ಧತೆಯಿಂದ ಭಾಗಿಸಿದರೆ ಸಿಗುತ್ತದೆ. ಅನುಪಾತ 10 ಇದ್ದರೆ ಒಮೇಗಾ 2,500; ಅನುಪಾತ 1 ಇದ್ದರೆ 25,000.

ಯಾವುದಾದರೂ ನಡೆಯುತ್ತದೆ ಎಂದು ಅನ್ನಿಸಬಹುದು, ಆದರೆ ಇಲ್ಲಿ ಎಚ್ಚರ ಬೇಕು. ಫಲಕ ಮುಟ್ಟುವ ಮೊದಲೇ ಪ್ರಕ್ಷುಬ್ಧತೆ ದಾರಿಯಲ್ಲಿ ಕರಗುತ್ತ ಬರುತ್ತದೆ, ಒಮೇಗಾ ಹೆಚ್ಚಾದಷ್ಟೂ ಬೇಗ. ಮಾದರಿಯ ಸಮೀಕರಣವನ್ನೇ ಬಿಡಿಸಿ ನೋಡಿದರೆ, 0.25 ಮೀಟರ್ ಸಾಗುವಷ್ಟರಲ್ಲಿ ಅನುಪಾತ 10ರ ಹರಿವಿನಲ್ಲಿ ಕೆಯ ಶೇ 46 ಉಳಿದಿರುತ್ತದೆ. ಅನುಪಾತ 1ರಲ್ಲಿ ಉಳಿಯುವುದು ಶೇ 7 ಮಾತ್ರ, ಅಂದರೆ ನೀವು ಶೇ 1 ಎಂದು ಕೊಟ್ಟ ತೀವ್ರತೆ ಅಂಚಿಗೆ ಬರುವಾಗ ಶೇ 0.27. ಪೂರ್ತಿ ಪ್ರಕ್ಷುಬ್ಧ ಗಡಿಪದರ ಬೇಕಾದಾಗ ಅನುಪಾತ 10ನ್ನೇ ಇಟ್ಟುಕೊಳ್ಳುವುದು ಮೇಲು.

ಗೋಡೆಯ ಮೇಲೆ ವೇಗಕ್ಕೆ ನೋಸ್ಲಿಪ್, ಒತ್ತಡಕ್ಕೆ ಸೊನ್ನೆ ಇಳಿಜಾರು, ಕೆಗೆ ಸೊನ್ನೆಯ ಬದಲು 10⁻¹⁰ರಂಥ ಅತಿ ಚಿಕ್ಕ ಬೆಲೆ, ಪ್ರಕ್ಷುಬ್ಧ ಸ್ನಿಗ್ಧತೆಗೆ ಸೊನ್ನೆ, ಒಮೇಗಾಗೆ ಒಮೇಗಾ ವಾಲ್‌ಫಂಕ್ಷನ್. ಕೊನೆಯದರ ಹೆಸರು ನೋಡಿ ಹಿಂಜರಿಯಬೇಡಿ. ಗೋಡೆಯವರೆಗೂ ಬಿಡಿಸಿದ ಮೆಶ್‌ನಲ್ಲಿ ಅದು 6 × ಸ್ನಿಗ್ಧತೆ ÷ (0.075 × ನಡುಬಿಂದುವಿನ ಎತ್ತರದ ವರ್ಗ) ಎಂಬ ಬೆಲೆಯನ್ನು ಮೊದಲ ಸೆಲ್‌ಗೆ ಕೊಡುತ್ತದೆ. ನಮ್ಮ ಮೆಶ್‌ನಲ್ಲಿ ಇದು ಸುಮಾರು 14 ಕೋಟಿ. ಪ್ಯಾರಾವ್ಯೂನಲ್ಲಿ ಈ ಅಂಕಿ ಕಂಡು ಲೆಕ್ಕ ಸ್ಫೋಟಿಸಿತೆಂದು ನಿಲ್ಲಿಸಬೇಡಿ. ಅದು ಇರಬೇಕಾದದ್ದೇ ಅಷ್ಟು.

6. ಓಡಿಸುವುದು

ಸಾಲ್ವರ್ ಸಿಂಪಲ್‌ಫೋಮ್. ಸಿಂಪಲ್ ವಿಭಾಗದಲ್ಲಿ ಕನ್ಸಿಸ್ಟೆಂಟ್ ಆಯ್ಕೆಗೆ ಯೆಸ್ ಕೊಟ್ಟು, ವೇಗಕ್ಕೆ 0.9, ಕೆ ಮತ್ತು ಒಮೇಗಾಗೆ 0.7 ರಿಲ್ಯಾಕ್ಸೇಷನ್ ಇಡಿ. ಒತ್ತಡದ ಸಮೀಕರಣ ಬಿಡಿಸಲು ಜಿಎಎಮ್‌ಜಿ ವಿಧಾನ, ಉದ್ದ ಸೆಲ್‌ಗಳಿಂದಾಗಿ ಅದು ತೆವಳುತ್ತಿದ್ದರೆ ಪಿಸಿಜಿಗೆ ಬದಲಿಸಿ. ವೇಗದ ಸಂವಹನಕ್ಕೆ ಬೌಂಡೆಡ್ ಗಾಸ್ ಲೀನಿಯರ್‌ಅಪ್‌ವಿಂಡ್. ಮೊದಲ ಇನ್ನೂರು ಸುತ್ತು ಸಾದಾ ಅಪ್‌ವಿಂಡ್‌ನಲ್ಲಿ ಓಡಿಸಿ ಆಮೇಲೆ ಬದಲಿಸಿದರೆ ಆರಂಭ ಸುಗಮ. ಕೆ ಮತ್ತು ಒಮೇಗಾಗೂ ಕೊನೆಗೆ ಎರಡನೇ ದರ್ಜೆಯ ಸ್ಕೀಮ್‌ಗೇ ಬನ್ನಿ.

ಶುರುವಿನಲ್ಲಿ ಲಾಗ್‌ನಲ್ಲಿ ಕೆ ಅಥವಾ ಒಮೇಗಾ ಬೌಂಡಿಂಗ್ ಎಂಬ ಸಾಲುಗಳು ಬರುತ್ತವೆ, ಅವು ತಾವಾಗಿ ನಿಲ್ಲಬೇಕು. ಸಾವಿರ ಸುತ್ತಾದರೂ ನಿಲ್ಲದಿದ್ದರೆ ಮೇಲಿನ ಗಡಿಯಿಂದ ಒಳಬರುವ ಗಾಳಿಗೆ ಕೆ, ಒಮೇಗಾ ಬೆಲೆ ಸರಿಯಾಗಿ ಕೊಟ್ಟಿದ್ದೀರಾ ನೋಡಿ.

ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಇನ್ನೂ ಉಳಿದ ತಪ್ಪು) 10⁻⁵ಕ್ಕೆ ಇಳಿಯಿತೆಂದು ಕೈ ತೊಳೆದುಕೊಳ್ಳುವಂತಿಲ್ಲ. ಫಲಕದ ಹಿಂಭಾಗದಲ್ಲಿ ಗಡಿಪದರ ನಿಧಾನವಾಗಿ ದಪ್ಪಗಾಗುತ್ತಿರುವಾಗಲೂ ರೆಸಿಡ್ಯುಯಲ್ ಚೆನ್ನಾಗಿಯೇ ಕಾಣುತ್ತದೆ. ಅಂಚಿನಿಂದ 0.3 ಮತ್ತು 1.2 ಮೀಟರ್ ದೂರದಲ್ಲಿ ಘರ್ಷಣೆಯನ್ನು ದಾಖಲಿಸುತ್ತ ಹೋಗಿ. ಕೊನೆಯ 500 ಸುತ್ತಿನಲ್ಲಿ ನಾಲ್ಕನೇ ಅಂಕಿಯೂ ಅಲುಗದಿದ್ದಾಗ ನಿಲ್ಲಿಸಿ.

7. ಉತ್ತರವನ್ನು ಪರೀಕ್ಷಿಸುವುದು

ಘರ್ಷಣೆ ತೆಗೆಯಲು ವಾಲ್‌ಶಿಯರ್‌ಸ್ಟ್ರೆಸ್ ಫಂಕ್ಷನ್ ಬಳಸಿ. ಸಿಂಪಲ್‌ಫೋಮ್‌ನಲ್ಲಿ ಇದು ಕೊಡುವುದು ಸಾಂದ್ರತೆಯಿಂದ ಭಾಗಿಸಿದ ಬೆಲೆ, ಅದೂ ಋಣ ಚಿಹ್ನೆಯೊಂದಿಗೆ. ಹಾಗಾಗಿ ಗುಣಾಂಕ = 2 × ಅದರ ಪರಿಮಾಣ ÷ 2500. ಮತ್ತೊಮ್ಮೆ ಸಾಂದ್ರತೆಯಿಂದ ಭಾಗಿಸಿದರೆ ಗಾಳಿಗೆ ಶೇ 20ರ ಹತ್ತಿರದ ತಪ್ಪು, ನೀರಿಗಾದರೆ ಸಾವಿರ ಪಟ್ಟು. ಇಡೀ ಫಲಕದ ಎಳೆತವನ್ನು ಫೋರ್ಸ್‌ಕೋಎಫ್ಸ್‌ನಿಂದ ತೆಗೆಯುವವರು ಆಧಾರ ವಿಸ್ತೀರ್ಣಕ್ಕೆ 1 ಎಂದು ಬಿಡದೆ, 1.5 × ಮೆಶ್‌ನ ಅಡ್ಡ ದಪ್ಪ ಎಂದು ಕೊಡಬೇಕು. ಸರಾಸರಿ ಗುಣಾಂಕ 0.0033–0.0034ರ ಬಳಿ ಬರಬೇಕು.

ಔಟ್‌ಲೆಟ್‌ಗೆ ಅಂಟಿದ ಸೆಲ್‌ಗಳನ್ನು ನಂಬಬೇಡಿ; 1.2 ಮೀಟರ್‌ನಲ್ಲಿ ನೋಡಿ. ಅಲ್ಲಿ ರೆನಾಲ್ಡ್ಸ್ ಸಂಖ್ಯೆ 40 ಲಕ್ಷ, ಗುಣಾಂಕ 0.0028–0.003ರ ನಡುವೆ ನಿರೀಕ್ಷಿಸಿ.

ಇಲ್ಲಿಗೇ ನಿಂತರೆ ಅರ್ಧ ಕೆಲಸ. ಗುಣಾಂಕವನ್ನು ಅಂಚಿನಿಂದಿರುವ ದೂರದ ಲೆಕ್ಕದಲ್ಲಿ ಹೋಲಿಸುವುದರಲ್ಲೇ ಒಂದು ತೊಡಕಿದೆ. ಎಸ್‌ಎಸ್‌ಟಿ ಗಡಿಪದರ ಅಂಚಿನಲ್ಲೇ ಪ್ರಕ್ಷುಬ್ಧವಾಗುವುದಿಲ್ಲ. ಒಂದಿಷ್ಟು ದೂರ ಲ್ಯಾಮಿನಾರ್‌ನಂತೆ ಸಾಗಿ ಆಮೇಲೆ ಜಿಗಿಯುತ್ತದೆ. ಈ ಜಿಗಿತ ನಿಜವಾದ ಸ್ಥಿತ್ಯಂತರವಲ್ಲ, ಇನ್‌ಲೆಟ್ ಬೆಲೆಗಳಿಗೂ ಮೆಶ್‌ಗೂ ತಕ್ಕಂತೆ ಹಿಂದೆ ಮುಂದೆ ಸರಿಯುವಂಥದ್ದು. ನಿಜವಾದ ಸ್ಥಿತ್ಯಂತರ ಬೇಕಿದ್ದರೆ ಲ್ಯಾಂಗ್ಟ್ರಿ-ಮೆಂಟರ್ ಮಾದರಿಗೆ ಹೋಗಬೇಕು. ಹಾಗಾಗಿ ದೂರದ ಬದಲು ಆವೇಗ ದಪ್ಪವನ್ನು ಆಧಾರವಾಗಿ ಹಿಡಿಯಿರಿ. ವೇಗದ ಅನುಪಾತವನ್ನು (1 − ವೇಗದ ಅನುಪಾತ) ಇದರಿಂದ ಗುಣಿಸಿ ಗೋಡೆಯಿಂದ ಮೇಲಿನವರೆಗೆ ಸಂಕಲಿಸಿದರೆ ಆವೇಗ ದಪ್ಪ. 1.2 ಮೀಟರ್‌ನಲ್ಲಿ ಅದು 2 ಮಿಲಿಮೀಟರ್ ಆಸುಪಾಸು, ಅದರ ಮೇಲಿನ ರೆನಾಲ್ಡ್ಸ್ ಸಂಖ್ಯೆ 7,000ದ ಹತ್ತಿರ. ಕಾರ್ಮನ್-ಶೋನ್‌ಹೆರ್ ಸೂತ್ರ ಈ ಸಂಖ್ಯೆಯನ್ನೇ ಬಳಸುತ್ತದೆ: ಅದರ ಹತ್ತರ ಆಧಾರದ ಲಾಗರಿದಮ್ ತೆಗೆದು, ಲಾಗ್‌ನ ವರ್ಗ × 17.08 + ಲಾಗ್ × 25.11 + 6.012 ಕೂಡಿಸಿ, ಮೊತ್ತದಿಂದ 1ನ್ನು ಭಾಗಿಸಿ. 7,000ಕ್ಕೆ 0.0028 ಬರುತ್ತದೆ. ಪದರ ಎಲ್ಲಿ ಹುಟ್ಟಿತು ಎಂಬ ಜಗಳ ಈ ಹೋಲಿಕೆಯಲ್ಲಿ ಬಹುಮಟ್ಟಿಗೆ ಮುಗಿಯುತ್ತದೆ.

ಇನ್ನೂ ಮೂರು ಪರೀಕ್ಷೆಗಳಿವೆ, ಯಾವುದಕ್ಕೂ ಹೊರಗಿನ ದತ್ತಾಂಶ ಬೇಡ.

ಸ್ಥಳಾಂತರ ದಪ್ಪವನ್ನು ಆವೇಗ ದಪ್ಪದಿಂದ ಭಾಗಿಸಿದರೆ 1.3–1.4 ಬರಬೇಕು. 2.6ರ ಬಳಿ ಬಂದರೆ ನಿಮ್ಮ ಪದರ ಇನ್ನೂ ಲ್ಯಾಮಿನಾರ್; ಇನ್‌ಲೆಟ್‌ನ ಪ್ರಕ್ಷುಬ್ಧತೆ ದಾರಿಯಲ್ಲೇ ಸತ್ತಿದೆ.

ಸಮ ಒತ್ತಡದ ಹರಿವಿನಲ್ಲಿ ಆವೇಗ ದಪ್ಪ ಬೆಳೆಯುವ ದರ ಘರ್ಷಣಾ ಗುಣಾಂಕದ ಅರ್ಧಕ್ಕೆ ಸಮ. ಎರಡನ್ನೂ ನಿಮ್ಮ ಫಲಿತಾಂಶದಿಂದಲೇ ತೆಗೆದು ಹೋಲಿಸಿ. ಶೇ 2ಕ್ಕಿಂತ ಹೆಚ್ಚು ಅಂತರವಿದ್ದರೆ ಲೆಕ್ಕ ಇನ್ನೂ ನೆಲೆಗೊಂಡಿಲ್ಲ, ಅಥವಾ ಮೇಲಿನ ಗಡಿ ಒತ್ತಡವನ್ನು ಕೆಡಿಸಿದೆ. ಎಲ್ಲ ಪರೀಕ್ಷೆಗಳಲ್ಲಿ ನಮಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ, ಯಾಕೆಂದರೆ ಅದೃಷ್ಟದಿಂದ ಇದರಲ್ಲಿ ಪಾಸಾಗುವುದು ಕಷ್ಟ.

ಮೂರನೆಯದು ವೇಗದ ನಕ್ಷೆ. ವೇಗವನ್ನು ಘರ್ಷಣಾ ವೇಗದಿಂದ ಭಾಗಿಸಿ, ಲಾಗ್ ಮಾಪನದ ವೈ-ಪ್ಲಸ್ ಎದುರು ಬಿಡಿಸಿ. ವೈ-ಪ್ಲಸ್ 5ರವರೆಗೆ ಎರಡೂ ಸಮ ಇರಬೇಕು. 30ರಿಂದಾಚೆ (ವೈ-ಪ್ಲಸ್‌ನ ಸಹಜ ಲಾಗ್ ÷ 0.41) + 5 ಎಂಬ ಗೆರೆ ಹಿಡಿಯಬೇಕು, 100ರಲ್ಲಿ ಇದರ ಬೆಲೆ 16.2. ಅಂದರೆ ಗೋಡೆಯಿಂದ 0.8 ಮಿಲಿಮೀಟರ್ ಎತ್ತರದಲ್ಲೇ ಗಾಳಿ ಹೊರಗಿನ ವೇಗದ ಶೇ 60 ತಲುಪಿರುತ್ತದೆ. ಗೆರೆಯ ಇಳಿಜಾರು ಸರಿಯಿದ್ದು ಇಡೀ ಗೆರೆ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಮೊದಲ ಕೆಲವು ಸೆಲ್‌ಗಳನ್ನು, ಒಮೇಗಾದ ಗೋಡೆ ಷರತ್ತನ್ನು ಅನುಮಾನಿಸಿ.

8. ಮೆಶ್ ಬದಲಿಸಿ ಮತ್ತೆ ಓಡಿಸಿ

ಎರಡೂ ದಿಕ್ಕಿನಲ್ಲಿ ಸೆಲ್ ಸಂಖ್ಯೆ ಅರ್ಧ ಮಾಡಿ ಒಮ್ಮೆ, ಎರಡು ಪಟ್ಟು ಮಾಡಿ ಒಮ್ಮೆ. ಗ್ರೇಡಿಂಗ್ ಅಂಕಿಗಳು ಹಾಗೇ ಇರಲಿ. 190 ಸೆಲ್‌ಗೂ 7780 ಇಟ್ಟರೆ ಬೆಳವಣಿಗೆ ತಾನಾಗಿ 1.05ಕ್ಕೆ ಇಳಿದು ಮೊದಲ ಸೆಲ್ 3 ಮೈಕ್ರೋಮೀಟರ್ ಆಗುತ್ತದೆ. ಬರೀ ಒಳಗಿನ ಸೆಲ್ ಹೆಚ್ಚಿಸಿ ಮೊದಲ ಸೆಲ್ ಎತ್ತರವನ್ನು ಹಾಗೇ ಬಿಟ್ಟರೆ ಅದು ಮೆಶ್ ಪರೀಕ್ಷೆಯಲ್ಲ.

ಒರಟು ಮತ್ತು ನಡುವಿನ ಮೆಶ್‌ಗಳ ಉತ್ತರದ ಅಂತರವನ್ನು ನಡುವಿನ ಮತ್ತು ನಯ ಮೆಶ್‌ಗಳ ಅಂತರದಿಂದ ಭಾಗಿಸಿ. 4ರ ಸುತ್ತ ಬಂದರೆ ಲೆಕ್ಕ ಎರಡನೇ ದರ್ಜೆಯಲ್ಲಿ ನಡೆದಿದೆ. 2 ಬಂದರೆ ಎಲ್ಲೋ ಮೊದಲ ದರ್ಜೆಯ ಸ್ಕೀಮ್ ಉಳಿದಿರಬಹುದು; ಅಂಚಿನ ಒತ್ತಡದ ಮೊನೆಯೂ ದರ್ಜೆಯನ್ನು ಸ್ವಲ್ಪ ಕೆಳಗೆಳೆಯುತ್ತದೆ. ಅಂತರಗಳ ಚಿಹ್ನೆಯೇ ಬೇರೆಯಾಗಿದ್ದರೆ ಒರಟು ಮೆಶ್ ತೀರಾ ಒರಟು, ಅಥವಾ ಯಾವುದೋ ಒಂದು ಓಟ ಪೂರ್ತಿ ಮುಗಿದಿಲ್ಲ.

9. ಗೋಡೆಯವರೆಗೆ ಬಿಡಿಸಲಾಗದಿದ್ದರೆ

ದೊಡ್ಡ ಆಕಾರಗಳಲ್ಲಿ ವಾಲ್‌ಫಂಕ್ಷನ್ (ಗೋಡೆಯ ಬಳಿಯ ಹರಿವನ್ನು ಸೂತ್ರದಿಂದ ತುಂಬುವ ವಿಧಾನ) ಅನಿವಾರ್ಯ. ಆಗ ಮೊದಲ ನಡುಬಿಂದು ವೈ-ಪ್ಲಸ್ 30ರಿಂದ ಕೆಲವು ನೂರರ ಒಳಗಿರಲಿ. 50 ಬೇಕೆಂದರೆ ನಮ್ಮ ಹರಿವಿನಲ್ಲಿ ಸೆಲ್ ಎತ್ತರ 0.8 ಮಿಲಿಮೀಟರ್. ಅಂಚಿನಿಂದ 5 ಸೆಂಟಿಮೀಟರ್‌ನಲ್ಲಿ ಗಡಿಪದರದ ದಪ್ಪ 1.7 ಮಿಲಿಮೀಟರ್ ಮಾತ್ರ, ಅಂದರೆ ಎರಡೇ ಸೆಲ್. ಮುಂಭಾಗದ ಘರ್ಷಣೆ ವಾಲ್‌ಫಂಕ್ಷನ್‌ನಿಂದ ಸರಿಯಾಗಿ ಬರದು, ಮೆಶ್ ಎಷ್ಟೇ ತಿದ್ದಿದರೂ. ಅತಿ ಕೆಟ್ಟ ಜಾಗ ವೈ-ಪ್ಲಸ್ 5ರಿಂದ 30ರ ನಡುವಿನದು: ಅಲ್ಲಿ ನೇರ ಗೆರೆಯೂ ಲಾಗ್ ಗೆರೆಯೂ ಹೊಂದುವುದಿಲ್ಲ.

ಸುಳಿಗಳನ್ನೇ ಬಿಡಿಸುವ ಎಲ್‌ಇಎಸ್‌ಗೆ ಹೋಗುವ ಆಸೆ ಇದ್ದವರು ಮೊದಲು ಸೆಲ್ ಎಣಿಸಿ. ಹರಿವಿನ ದಿಕ್ಕಿಗೆ ಪ್ಲಸ್ ಅಳತೆಯಲ್ಲಿ 50, ಅಡ್ಡಕ್ಕೆ 20, ಅಗಲ ಗಡಿಪದರದ ಮೂರು ಪಟ್ಟು, ಎತ್ತರಕ್ಕೆ 120 ಸೆಲ್ ಎಂದರೆ ಇದೇ ಫಲಕಕ್ಕೆ ಸುಮಾರು 22 ಕೋಟಿ ಸೆಲ್ ಬೇಕು. ಅದರ ಮೇಲೆ ಇನ್‌ಲೆಟ್‌ನಲ್ಲಿ ಕಾಲಕ್ಕೆ ತಕ್ಕಂತೆ ಬದಲಾಗುವ ಸುಳಿಗಳನ್ನೂ ನೀವೇ ಹುಟ್ಟಿಸಿ ಕೊಡಬೇಕು. ರೆನಾಲ್ಡ್ಸ್ ಸಂಖ್ಯೆಯನ್ನು ಹತ್ತು ಪಟ್ಟು ಇಳಿಸಿ ಫಲಕದ ಒಂದು ತುಂಡನ್ನಷ್ಟೇ ತೆಗೆದುಕೊಳ್ಳುವುದು ಅಂಥವರಿಗೆ ಸೂಕ್ತ ಆರಂಭ.